‘ವ್ಯತ್ಯಾಸವಿಲ್ಲ’ ಎಂದ ಸಲಕರಣೆ ಸುಳ್ಳು ಹೇಳಿರಲಿಲ್ಲ: ಎರಡು ಕ್ಲಾಸ್‌ಗಳ ಹೋಲಿಕೆಯ ಒಂದು ಪ್ರಕರಣ

ರಾತ್ರಿ ಎರಡೂಕಾಲರ ಹೊತ್ತಿಗೆ ಗ್ರಾಹಕರ ಸರ್ವರ್‌ನಿಂದ ಬಂದ ಲಾಗ್‌ನಲ್ಲಿ ಇದ್ದದ್ದು ಒಂದೇ ದೂರು: ನೋಸಚ್‌ಮೆಥಡ್‌ಎರರ್. ಬೈಟುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಬೈಟ್‌ಬಫರ್ ಎಂಬ ಜಾವಾ ಕ್ಲಾಸಿನಲ್ಲಿ (ಕೋಡಿನ ಒಂದು ಘಟಕದಲ್ಲಿ) ಫ್ಲಿಪ್ ಎಂಬ ಮೆಥಡ್, ಅಂದರೆ ಹೆಸರು ಹಿಡಿದು ಕರೆದು ಮಾಡಿಸುವ ಕೆಲಸ, ಇಲ್ಲವಂತೆ. ಜಾವಾದಲ್ಲಿ ಫೈಲನ್ನೋ ನೆಟ್‌ವರ್ಕನ್ನೋ ಬೈಟುಗಳ ಮಟ್ಟದಲ್ಲಿ ಓದುವ ಕೆಲಸ ಮಾಡಿದವರಿಗೆ ಇದು ಮೈಸೂರಿಗೆ ಹೋಗಿ ಚಾಮುಂಡಿ ಬೆಟ್ಟ ಕಾಣಿಸುತ್ತಿಲ್ಲ ಎಂದ ಹಾಗೆ. ಫ್ಲಿಪ್ 2002ರಲ್ಲಿ ಬಂದ ಜಾವಾ 1.4ರಿಂದಲೂ ಅಲ್ಲೇ ಇದೆ. ಬಫರ್‌ಗೆ ಬರೆದು ಮುಗಿಸಿ, ಬರೆದದ್ದನ್ನು ಓದಲು ಹೊರಡುವ ಮೊದಲು ಅದನ್ನು ಕರೆಯಲೇಬೇಕು.

ನಾನಾಗ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿದ್ದೆ. ನಮ್ಮ ಸರಕು ಒಂದು ಜಾವಾ ಲೈಬ್ರರಿ. ನಿಗದಿತ ಉದ್ದದ ದಾಖಲೆಗಳಿರುವ ಬೈನರಿ ಫೈಲುಗಳನ್ನು ಓದಿ, ಬಿಡಿಸಿ, ಗ್ರಾಹಕರ ಅಪ್ಲಿಕೇಶನ್‌ಗೆ ಕೊಡುವುದು ಅದರ ಕೆಲಸ. ಗ್ರಾಹಕರಲ್ಲಿ ಹಲವರು ಇನ್ನೂ ಜಾವಾ 8ರಲ್ಲೇ ಇದ್ದರು. ಹಾಗಾಗಿ ಲೈಬ್ರರಿ ಜಾವಾ 8ರ ಮೇಲೆ ಓಡಲೇಬೇಕು ಎನ್ನುವುದು ಒಪ್ಪಂದದಲ್ಲೇ ಬರೆದಿಟ್ಟ ಮಾತು. ಆ ವಾರ ನಾವು ಬಿಟ್ಟದ್ದು ಪುಟ್ಟ ಆವೃತ್ತಿ. ದಿನಾಂಕದ ಒಂದು ಫೀಲ್ಡ್ ಖಾಲಿ ಬಂದಾಗ ಎಡವುತ್ತಿದ್ದ ಕಡೆ ಮೂರು ಸಾಲಿನ ತಿದ್ದುಪಡಿ, ಅಷ್ಟೇ. ಆ ಮೂರು ಸಾಲಿನ ಹತ್ತಿರದಲ್ಲೆಲ್ಲೂ ಫ್ಲಿಪ್‌ನ ಸುಳಿವಿರಲಿಲ್ಲ.

ಸರ್ವರ್ ಶುರುವಾದಾಗ ಏನೂ ಆಗಿರಲಿಲ್ಲ. ಸಂಜೆ ಏಳಕ್ಕೆ ಹೊಸ ಜಾರ್ (ಕಂಪೈಲ್ ಆದ ಕ್ಲಾಸ್ ಫೈಲುಗಳ ಕಟ್ಟು) ಹಾಕಿದ್ದಾರೆ, ಅಪ್ಲಿಕೇಶನ್ ಎದ್ದಿದೆ, ಹೆಲ್ತ್ ಚೆಕ್ ಹಸಿರು ತೋರಿಸಿದೆ, ಎಲ್ಲರೂ ಮನೆಗೆ ಹೋಗಿದ್ದಾರೆ. ರಾತ್ರಿಯ ಬ್ಯಾಚ್ ಮೊದಲ ಫೈಲ್ ತೆರೆದ ಮೇಲೆ ಬಿದ್ದಿದೆ. ಇದಕ್ಕೂ ಕಾರಣವಿದೆ: ಕಂಪೈಲ್ ಆದ ಜಾವಾ ಕೋಡನ್ನು ಓಡಿಸುವ ಹಾಟ್‌ಸ್ಪಾಟ್ ಜೆವಿಎಂ ಒಂದು ಮೆಥಡ್‌ನ ಕರೆಯನ್ನು ಮೊದಲೇ ಹೋಗಿ ಪರಿಶೀಲಿಸುವುದಿಲ್ಲ. ಆ ಕರೆಯ ಸೂಚನೆ ಮೊದಲ ಸಲ ಓಡುವ ಗಳಿಗೆಯಲ್ಲಿ ಮಾತ್ರ ಹುಡುಕಲು ಹೊರಡುತ್ತದೆ. ಕೆಟ್ಟದ್ದು ಜಾರ್‌ನ ಒಳಗೆ ಏಳು ಗಂಟೆ ತೆಪ್ಪಗೆ ಕೂತಿತ್ತು.

ಬೆಳಿಗ್ಗೆ ನನ್ನ ಪಕ್ಕದ ಹುಡುಗ, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದವನು, ಆ ಮೂರು ಸಾಲನ್ನು ಬರೆದವನೂ ಅವನೇ, ಮುಖ ಸಪ್ಪೆ ಮಾಡಿಕೊಂಡು ಬಂದ.

“ಸರ್, ಆ ಕ್ಲಾಸನ್ನ ನಾನು ಮುಟ್ಟೇ ಇಲ್ಲ. ಗಿಟ್‌ನಲ್ಲಿ ನೋಡಿ ಬೇಕಾದ್ರೆ.”

“ಮುಟ್ಟದೇ ಇದ್ರೆ ತಾನಾಗೇ ಕೆಡುತ್ತೇನಪ್ಪಾ?” ಅಂದೆ. ಆಮೇಲೆ ಗೊತ್ತಾಯಿತು, ಅವನ ಮಾತು ಪೂರ್ತಿ ನಿಜ. ನನ್ನ ಪ್ರಶ್ನೆಗೂ ಉತ್ತರ ‘ಹೌದು, ಕೆಡುತ್ತದೆ’ ಎಂದೇ.

ಇಂಥ ದೋಷ ಕಂಡಾಗ ಅನುಭವಿಗಳು ಮೊದಲು ಅನುಮಾನಿಸುವುದು ಕ್ಲಾಸ್‌ಪಾತನ್ನು, ಅಂದರೆ ಜೆವಿಎಂ ಕ್ಲಾಸ್‌ಗಳನ್ನು ಹುಡುಕುವ ಜಾಗಗಳ ಪಟ್ಟಿಯನ್ನು. ಒಂದೇ ಹೆಸರಿನ ಕ್ಲಾಸ್ ಎರಡು ಜಾರ್‌ಗಳಲ್ಲಿದ್ದು, ಹಳೆಯದು ಮುಂದೆ ನುಗ್ಗಿ ಕೂತಿರಬಹುದು. ಗ್ರಾಹಕರ ಕಡೆಯವರಿಗೆ ವರ್ಬೋಸ್ ಕ್ಲಾಸ್ ಆಯ್ಕೆ ಹಾಕಿ ಓಡಿಸಲು ಹೇಳಿದೆವು. ಯಾವ ಕ್ಲಾಸ್ ಎಲ್ಲಿಂದ ಬಂತು ಎಂದು ಅದು ಸಾಲು ಸಾಲಾಗಿ ಹೇಳುತ್ತದೆ. ನಮ್ಮ ಕ್ಲಾಸ್ ನಮ್ಮ ಹೊಸ ಜಾರ್‌ನಿಂದಲೇ ಬಂದಿತ್ತು, ಬೈಟ್‌ಬಫರ್ ಜಾವಾ 8ರ ಸಿದ್ಧ ಕ್ಲಾಸ್‌ಗಳಿರುವ ಆರ್‌ಟಿ ಜಾರ್‌ನಿಂದ. ಅನುಮಾನ ಅಲ್ಲಿಗೆ ಮುಗಿಯಿತು.

ಮುಂದಿನದು ಹೋಲಿಕೆಯ ಕೆಲಸ. ಹಳೆಯ ಜಾರ್ ಓಡುತ್ತಿತ್ತು, ಹೊಸದು ಬೀಳುತ್ತಿದೆ. ಹಾಗಾದರೆ ಇವೆರಡರ ನಡುವೆ ಏನೋ ಬೇರೆಯಾಗಿರಲೇಬೇಕು. ಜಾವಾ ಜಗತ್ತಿನಲ್ಲಿ ಇದಕ್ಕೆಂದೇ ಸಲಕರಣೆಗಳಿವೆ. ನಾವು ಬಳಸುತ್ತಿದ್ದದ್ದು ಜೆಎಪಿಐಸಿಎಂಪಿ. ಎರಡು ಜಾರ್ ಕೊಟ್ಟರೆ ಅದು ಪ್ರತಿ ಕ್ಲಾಸನ್ನೂ ಜೋಡಿ ಮಾಡಿ, ಯಾವ ಮೆಥಡ್ ಹೊಸದು, ಯಾವುದು ಹೋಯಿತು, ಯಾವುದರ ರಿಟರ್ನ್ ಟೈಪ್ (ಅದು ಮರಳಿಸುವುದರ ಬಗೆ) ಬದಲಾಯಿತು, ಈ ಬದಲಾವಣೆಯಿಂದ ಹಳೆಯ ಕ್ಲಾಸ್ ಫೈಲುಗಳು ಒಡೆಯುತ್ತವೆಯೇ ಎಂದೆಲ್ಲ ಪಟ್ಟಿ ಮಾಡುತ್ತದೆ. ಒಡೆಯುವಂತಿದ್ದರೆ ಆಶ್ಚರ್ಯಚಿಹ್ನೆ ಹಾಕಿ ತೋರಿಸುತ್ತದೆ. ಸೋರ್ಸ್ ಬೇಕಾಗಿಲ್ಲ, ಕಂಪೈಲ್ ಆದ ಕ್ಲಾಸ್ ಫೈಲುಗಳೇ ಸಾಕು. ರೆವಾಪಿ ಎಂಬ ಇನ್ನೊಂದೂ ಇದೇ ಕೆಲಸಕ್ಕಿದೆ. ನಾವು ಪ್ರತಿ ಬಿಡುಗಡೆಗೂ ಮೊದಲು ಇದನ್ನು ಓಡಿಸುತ್ತಿದ್ದೆವು, ಹಸಿರು ಬಂದರೆ ನಿಶ್ಚಿಂತೆಯಿಂದ ಕಳಿಸುತ್ತಿದ್ದೆವು. ಆ ಬೆಳಿಗ್ಗೆಯೂ ಓಡಿಸಿದೆವು.

ಉತ್ತರ: ವ್ಯತ್ಯಾಸವಿಲ್ಲ.

ಆಯ್ಕೆಗಳನ್ನು ಬದಲಿಸಿ ಪ್ರೈವೇಟ್ ಮೆಥಡ್‌ಗಳನ್ನೂ ಸೇರಿಸಿ ಇನ್ನೊಮ್ಮೆ ಓಡಿಸಿದೆವು. ಆಗಲೂ ಅದೇ. ಸಲಕರಣೆಯಲ್ಲೇ ಬಗ್ ಇದೆ ಎಂದು ನಾನು ಗೊಣಗಿದ್ದು ನೆನಪಿದೆ; ಈಗ ನಾಚಿಕೆಯಾಗುತ್ತದೆ. ಸಲಕರಣೆ ಹೇಳಿದ್ದು ಅಕ್ಷರಶಃ ಸರಿ. ನಮ್ಮ ಕ್ಲಾಸ್ ಹೊರಜಗತ್ತಿಗೆ ತೋರಿಸುವ ಮುಖದಲ್ಲಿ ಒಂದು ಕೂದಲೂ ಆಚೀಚೆ ಆಗಿರಲಿಲ್ಲ. ನಮ್ಮನ್ನು ಕರೆಯುವವರಿಗೆ ಏನಾದರೂ ಬದಲಾಗಿದೆಯೇ ಎಂದು ನಾವು ಕೇಳಿದ್ದೆವು, ಅದು ಇಲ್ಲ ಎಂದಿತ್ತು. ನಾವು ಯಾರನ್ನು ಕರೆಯುತ್ತಿದ್ದೇವೆ, ಆ ಕರೆ ಬದಲಾಗಿದೆಯೇ ಎನ್ನುವುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಮೆಥಡ್‌ನ ಒಡಲಿನಲ್ಲಿರುತ್ತದೆ. ಈ ಬಗೆಯ ಸಲಕರಣೆ ಒಡಲೊಳಗೆ ಇಣುಕುವುದಿಲ್ಲ. ಇಣುಕುತ್ತೇನೆ ಎಂದು ಯಾವತ್ತೂ ಹೇಳಿಕೊಂಡಿಲ್ಲ.

ಒಡಲು ನೋಡಲು ಜೆಡಿಕೆಯ (ಕಂಪೈಲರ್ ಸೇರಿದ ಜಾವಾ ಸಲಕರಣೆಗಳ ಗಂಟಿನ) ಜೊತೆಗೇ ಬರುವ ಜಾವಾಪಿ ಸಾಕು. ಕ್ಲಾಸ್ ಫೈಲನ್ನು ಬಿಡಿಸಿ ಒಳಗಿನ ಸೂಚನೆಗಳನ್ನು ಓದುವಂತೆ ಬರೆದುಕೊಡುತ್ತದೆ. ಹಳೆಯ ಜಾರ್‌ನ ಕ್ಲಾಸ್‌ದೊಂದು, ಹೊಸದರದೊಂದು ಪಠ್ಯ ತೆಗೆದು, ಎರಡನ್ನು ಸಾಲು ಸಾಲಾಗಿ ಹೋಲಿಸುವ ಡಿಫ್ ಹಾಕಿದೆವು. ಪುಟಗಟ್ಟಲೆ ವ್ಯತ್ಯಾಸ ಬಂತು. ಹುಡುಗನ ಕಣ್ಣರಳಿತು. ಆದರೆ ಅದರಲ್ಲಿ ಬಹುಪಾಲು ಬರೀ ಸದ್ದು: ಪ್ರತಿ ಕರೆಯ ಮುಂದೆಯೂ ಕಾನ್‌ಸ್ಟಂಟ್ ಪೂಲ್‌ನ (ಕ್ಲಾಸ್ ಫೈಲಿನೊಳಗೇ ಇರುವ ಹೆಸರುಗಳ ಪಟ್ಟಿಯ) ಕ್ರಮಸಂಖ್ಯೆ ಇರುತ್ತದೆ, ಎಲ್ಲೋ ಒಂದು ನಮೂದು ಹೆಚ್ಚಾದರೂ ಮುಂದಿನ ಸಂಖ್ಯೆಗಳೆಲ್ಲ ಜರುಗುತ್ತವೆ. ಆ ಸಂಖ್ಯೆಗಳನ್ನು ಪಠ್ಯ ತಿದ್ದುವ ಸೆಡ್‌ನಿಂದ ಉಜ್ಜಿಹಾಕಿ ಮತ್ತೆ ಡಿಫ್ ಹಾಕಿದಾಗ ಆ ಕ್ಲಾಸಿನಲ್ಲಿ ಉಳಿದದ್ದು ನಾಲ್ಕು ಸಾಲು, ನಾಲ್ಕೂ ಫ್ಲಿಪ್. ಹಳೆಯದರಲ್ಲಿ ‘ಬೈಟ್‌ಬಫರ್‌ನ ಫ್ಲಿಪ್, ಮರಳಿಸುವುದು ಬಫರ್’ ಎಂದಿತ್ತು. ಹೊಸದರಲ್ಲಿ ‘ಬೈಟ್‌ಬಫರ್‌ನ ಫ್ಲಿಪ್, ಮರಳಿಸುವುದು ಬೈಟ್‌ಬಫರ್’.

ಸೋರ್ಸ್‌ನಲ್ಲಿ ಆ ನಾಲ್ಕು ಸಾಲು ಮೂರು ವರ್ಷದಿಂದ ಹಾಗೇ ಇವೆ. ಹಾಗಾದರೆ ತಿದ್ದಿದವರು ಯಾರು? ಕಂಪೈಲರ್. ವಿಚಾರಿಸಿದಾಗ ಹೊರಬಿತ್ತು: ಹಿಂದಿನ ಶನಿವಾರ ಬಿಲ್ಡ್ ಮಶೀನಿನಲ್ಲಿ ಜೆಡಿಕೆ 8ರ ಜಾಗಕ್ಕೆ ಜೆಡಿಕೆ 11 ಕೂರಿಸಿದ್ದರು. ಬಿಲ್ಡ್ ಮಾಡುವ ಸಲಕರಣೆಯಾದ ಮೇವನ್‌ನ ಫೈಲಿನಲ್ಲಿ ಸೋರ್ಸ್ 8, ಟಾರ್ಗೆಟ್ 8 ಎಂದೇ ಇತ್ತು, ಹಾಗಾಗಿ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಹೊಸ ಜಾರ್‌ನ ಕ್ಲಾಸ್ ಫೈಲುಗಳ ಆವೃತ್ತಿ ಸಂಖ್ಯೆಯೂ 52, ಅಂದರೆ ಜಾವಾ 8ರದ್ದೇ. 11ರದ್ದಾಗಿದ್ದರೆ 55 ಇರುತ್ತಿತ್ತು, ಗ್ರಾಹಕರ ಜೆವಿಎಂ ಅದನ್ನು ಲೋಡ್ ಮಾಡುವಾಗಲೇ ಹೊರಗೆ ಹಾಕುತ್ತಿತ್ತು, ನಮಗೆ ಸಂಜೆ ಏಳಕ್ಕೇ ಫೋನ್ ಬರುತ್ತಿತ್ತು. ಅದೊಂದು ಲೆಕ್ಕದಲ್ಲಿ ಒಳ್ಳೆಯದೇ ಆಗಿರುತ್ತಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಪ್ರಕರಣದ ಗಂಟೆಲ್ಲ ಇರುವುದು ‘ಒಂದು ಮೆಥಡ್‌ನ ಹೆಸರು ಏನು’ ಎನ್ನುವುದರಲ್ಲಿ.

ನಾವು ಓದುವಾಗ ಅದರ ಹೆಸರು ‘ಫ್ಲಿಪ್’. ಜಾವಾ ಭಾಷೆಯ ಮಟ್ಟಿಗೆ ಹೆಸರು ಮತ್ತು ಅದು ತೆಗೆದುಕೊಳ್ಳುವ ಪ್ಯಾರಾಮೀಟರ್‌ಗಳ ಟೈಪ್. ಮರಳಿಸುವ ಟೈಪ್ ಲೆಕ್ಕಕ್ಕಿಲ್ಲ, ಅದೊಂದೇ ಬೇರೆಯಿರುವ ಎರಡು ಮೆಥಡ್‌ಗಳನ್ನು ಒಂದೇ ಕ್ಲಾಸಿನಲ್ಲಿ ಬರೆಯಲು ಕಂಪೈಲರ್ ಬಿಡುವುದೂ ಇಲ್ಲ. ಜೆವಿಎಂ ಮಟ್ಟಕ್ಕೆ ಇಳಿದರೆ ಲೆಕ್ಕ ಬೇರೆ. ಅಲ್ಲಿ ಹೆಸರಿನ ಜೊತೆ ಡಿಸ್ಕ್ರಿಪ್ಟರ್ ಎಂಬ ಬಾಲವಿರುತ್ತದೆ: ಕಂಸದೊಳಗೆ ಪ್ಯಾರಾಮೀಟರ್‌ಗಳು, ಕಂಸದ ಆಚೆಗೆ ರಿಟರ್ನ್ ಟೈಪ್. ಇವೆಲ್ಲ ಸೇರಿಯೇ ವಿಳಾಸ. ಜಾವಾ ಭಾಷೆಯ ಅಧಿಕೃತ ವಿವರಣೆಯ 13ನೇ ಅಧ್ಯಾಯ ಪೂರ್ತಿ, ಯಾವ ಬದಲಾವಣೆಯಿಂದ ಹಳೆಯ ಕ್ಲಾಸ್ ಫೈಲುಗಳು ಒಡೆಯುತ್ತವೆ ಎನ್ನುವುದಕ್ಕೇ ಮೀಸಲು. ಮೆಥಡ್‌ನ ರಿಟರ್ನ್ ಟೈಪ್ ಬದಲಿಸಿದರೆ ಹಳೆಯ ಮೆಥಡ್ ಅಳಿಸಿ ಹೊಸದೊಂದು ಸೇರಿಸಿದ ಪರಿಣಾಮವೇ ಆಗುತ್ತದೆ ಎಂದು ಅದು ನೇರವಾಗಿ ಹೇಳುತ್ತದೆ.

ಹುಡುಗನಿಗೆ ಇದನ್ನು ಹೇಳಲು ನನಗೆ ಸಿಕ್ಕಿದ್ದು ಅಂಚೆಯ ಹೋಲಿಕೆ. 2021ರಲ್ಲಿ ಬಳ್ಳಾರಿಯಿಂದ ಒಡೆದು ವಿಜಯನಗರ ಜಿಲ್ಲೆ ಆಯಿತು, ಹೊಸಪೇಟೆ ಅದರ ಕೇಂದ್ರ. ಹೊಸಪೇಟೆ ಇದ್ದಲ್ಲೇ ಇದೆ, ಊರು ಒಂದು ಅಂಗುಲವೂ ಜರುಗಿಲ್ಲ. ಈಗ ಹೊಸ ವಿಳಾಸಪಟ್ಟಿ ಇರುವ ಕಚೇರಿಗೆ ‘ಹೊಸಪೇಟೆ, ಬಳ್ಳಾರಿ ಜಿಲ್ಲೆ’ ಎಂದು ಬರೆದ ಹಳೆಯ ಅಭ್ಯಾಸದ ಕಾಗದ ಹೋದರೂ ಅವರು ಅರ್ಥಮಾಡಿಕೊಂಡು ಮುಟ್ಟಿಸುತ್ತಾರೆ. ಆದರೆ ‘ಹೊಸಪೇಟೆ, ವಿಜಯನಗರ ಜಿಲ್ಲೆ’ ಎಂದು ಬರೆದು, ಅಕ್ಷರ ಬಿಡದೆ ತಾಳೆ ನೋಡುವ, 2015ರ ಪಟ್ಟಿ ಹಿಡಿದು ಕೂತಿರುವ ಗುಮಾಸ್ತರ ಕೈಗೆ ಕೊಟ್ಟರೆ? ‘ಇಂಥ ವಿಳಾಸ ಇಲ್ಲ’ ಎಂದು ವಾಪಸ್. ಜಾವಾ 8ರ ಜೆವಿಎಂ ಆ ಗುಮಾಸ್ತ. ನಮ್ಮ ಹೊಸ ಜಾರ್ ಹೊಸ ಜಿಲ್ಲೆಯ ಹೆಸರು ಬರೆದುಕೊಂಡು ಹೋಗಿತ್ತು.

ಜಿಲ್ಲೆ ಒಡೆದದ್ದು ಜಾವಾ 9ರಲ್ಲಿ, 2017ರ ಸೆಪ್ಟೆಂಬರಿನಲ್ಲಿ. ಅದರ ಹಿಂದೆ ಹಳೆಯ ಕಿರಿಕಿರಿಯೊಂದಿತ್ತು. ಬಫರ್ ಕ್ಲಾಸ್‌ಗಳು ಬಂದ 1.4ರ ಕಾಲದಲ್ಲಿ, ತಂದೆ ಕ್ಲಾಸಿನ ಮೆಥಡನ್ನು ಮಗ ಕ್ಲಾಸ್ ಮತ್ತೆ ಬರೆಯುವಾಗ ರಿಟರ್ನ್ ಟೈಪ್ ಬದಲಿಸುವಂತಿರಲಿಲ್ಲ. ಆ ಅನುಕೂಲ, ಕೋವೇರಿಯಂಟ್ ರಿಟರ್ನ್ ಎನ್ನುವುದು, ಬಂದದ್ದು 2004ರ ಜಾವಾ 5ರಲ್ಲಿ. ಹಾಗಾಗಿ ಫ್ಲಿಪ್ ಇದ್ದದ್ದು ತಂದೆಯಾದ ಬಫರ್‌ನಲ್ಲಿ, ಫೈನಲ್ ಎಂಬ ಬೀಗದೊಂದಿಗೆ, ಮರಳಿಸುತ್ತಿದ್ದದ್ದು ಬಫರ್. ಬೈಟ್‌ಬಫರ್‌ಗೆ ಸಂಖ್ಯೆ ತುಂಬಿ, ಅದೇ ಸಾಲಿನಲ್ಲಿ ಫ್ಲಿಪ್ ಮಾಡಿ, ಮತ್ತೆ ಬೈಟ್‌ಬಫರ್ ಆಗಿಯೇ ಹಿಡಿದುಕೊಳ್ಳಬೇಕೆಂದರೆ ಕ್ಯಾಸ್ಟ್, ಅಂದರೆ ‘ಇದು ಇಂಥ ಟೈಪ್’ ಎಂದು ಕಂಪೈಲರ್‌ಗೆ ಹೇಳುವ ಗುರುತು, ಹಾಕಲೇಬೇಕಿತ್ತು. ಜಾವಾ 9ರಲ್ಲಿ ಬೀಗ ತೆಗೆದರು. ಪೊಸಿಷನ್, ಲಿಮಿಟ್, ಮಾರ್ಕ್, ರಿಸೆಟ್, ಕ್ಲಿಯರ್, ಫ್ಲಿಪ್, ರಿವೈಂಡ್, ಈ ಏಳನ್ನೂ ಬೈಟ್‌ಬಫರ್ ತನ್ನದಾಗಿ ಬರೆದುಕೊಂಡು ಬೈಟ್‌ಬಫರ್‌ನನ್ನೇ ಮರಳಿಸತೊಡಗಿತು. ಉಳಿದ ಬಫರ್‌ಗಳಿಗೂ ಹಾಗೆಯೇ. ಬರೆಯುವವರಿಗೆ ಇದು ಉಪಕಾರವೇ, ಅದರಲ್ಲಿ ಅನುಮಾನವಿಲ್ಲ.

ಹಳೆಯ ಕ್ಲಾಸ್ ಫೈಲುಗಳು ಇದರಿಂದ ಒಡೆಯಲಿಲ್ಲ. ಇಂಥ ಕಡೆ ಕಂಪೈಲರ್ ಸದ್ದಿಲ್ಲದೆ ಇನ್ನೊಂದು ಮೆಥಡ್ ಹುಟ್ಟಿಸುತ್ತದೆ: ಹಳೆಯ ವಿಳಾಸದ್ದೇ ಫ್ಲಿಪ್, ಬಫರ್ ಮರಳಿಸುವುದು, ಒಳಗೆ ಹೊಸದನ್ನು ಕರೆಯುವುದಷ್ಟೇ ಅದರ ಕೆಲಸ. ಬ್ರಿಜ್ ಮೆಥಡ್ ಎನ್ನುತ್ತಾರೆ. ಜಾವಾ 8ರಲ್ಲಿ ಕಂಪೈಲ್ ಆದದ್ದು 11ರಲ್ಲಿ ಆ ಸೇತುವೆ ದಾಟಿ ಸುಖವಾಗಿ ಓಡುತ್ತದೆ. ಆದರೆ ಸೇತುವೆ ಒಂದೇ ದಿಕ್ಕಿನದು. 11ರಲ್ಲಿ ಕಂಪೈಲ್ ಆಗಿ 8ಕ್ಕೆ ಇಳಿಯುವವರಿಗೆ ಅಲ್ಲಿ ಏನೂ ಇಲ್ಲ, ಏಕೆಂದರೆ 8ರ ಬೈಟ್‌ಬಫರ್ ಬರೆದಾಗ ಭವಿಷ್ಯ ಯಾರಿಗೂ ಗೊತ್ತಿರಲಿಲ್ಲ.

ಇದಕ್ಕೆ ಹಳೆಯ ನಿದರ್ಶನವೂ ಇದೆ. 2014ರ ಜಾವಾ 8ರಲ್ಲಿ ಕನ್‌ಕರೆಂಟ್‌ಹ್ಯಾಶ್‌ಮ್ಯಾಪ್‌ನ ಕೀಸೆಟ್ ಮೆಥಡ್ ಸೆಟ್ ಮರಳಿಸುವ ಬದಲು ಕೀಸೆಟ್‌ವ್ಯೂ ಮರಳಿಸತೊಡಗಿತು. ಜೆಡಿಕೆ 8ರಲ್ಲಿ ಕಂಪೈಲ್ ಮಾಡಿ ಜಾವಾ 7ರಲ್ಲಿ ಓಡಿಸಿದವರಿಗೆ ಇದೇ ದೋಷ ಬಂದಿತ್ತು. ವೇರಿಯೆಬಲನ್ನು ಮ್ಯಾಪ್ ಎಂಬ ಇಂಟರ್‌ಫೇಸ್‌ನ ಹೆಸರಿನಲ್ಲಷ್ಟೇ ಘೋಷಿಸಿದವರು ಪಾರಾದರು. ಕಂಪೈಲರ್ ಆಗ ಮ್ಯಾಪ್‌ನ ವಿಳಾಸ ಬರೆದುಕೊಳ್ಳುತ್ತದೆ, ಅದು ಎಲ್ಲ ಆವೃತ್ತಿಯಲ್ಲೂ ಒಂದೇ. ‘ಇಂಟರ್‌ಫೇಸ್ ಹಿಡಿದು ಬರೆಯಿರಿ’ ಎಂದು ಮೇಷ್ಟ್ರುಗಳು ಹೇಳುವ ಮಾತಿಗೆ ಇಂಥದ್ದೊಂದು ಲಾಭವಿದೆ ಎಂದು ನನಗೆ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ಕಾರಣ ತಿಳಿದ ಮೇಲೆ ಅದನ್ನು ಕಣ್ಣಾರೆ ನೋಡೋಣ ಎಂದು ಎರಡು ಜೆಡಿಕೆಗಳ ಬೈಟ್‌ಬಫರನ್ನೇ ಜಾವಾಪಿಯಲ್ಲಿ ತೆಗೆದು ಅಕ್ಕಪಕ್ಕ ಇಟ್ಟೆವು. ಇಲ್ಲೊಂದು ತಮಾಷೆ. 11ರ ಪಟ್ಟಿಯಲ್ಲಿ ಫ್ಲಿಪ್ ಎರಡು ಸಲ ಇತ್ತು, ಒಂದು ಅಸಲು, ಒಂದು ಸೇತುವೆ. 8ರ ಪಟ್ಟಿಯಲ್ಲಿ ಫ್ಲಿಪ್ ಇರಲೇ ಇಲ್ಲ!

“ಸರ್, ಹಾಗಾದ್ರೆ ಎರರ್ ಹೇಳಿದ್ದೇ ನಿಜ ಅಲ್ವಾ? 8ರಲ್ಲಿ ಇಲ್ಲ.”

“ಇದೆ ಕಣಪ್ಪಾ, ಅಪ್ಪನ ಮನೆಯಲ್ಲಿದೆ.”

ಜಾವಾಪಿ ತೋರಿಸುವುದು ಆ ಕ್ಲಾಸ್ ತಾನೇ ಬರೆದುಕೊಂಡ ಮೆಥಡ್‌ಗಳನ್ನು ಮಾತ್ರ; ಅಪ್ಪನಿಂದ ಬಂದ ಆಸ್ತಿ ಅದರ ಪಟ್ಟಿಯಲ್ಲಿ ಬರುವುದಿಲ್ಲ. ಕ್ಲಾಸ್ ಹೋಲಿಸುವ ಸಲಕರಣೆ ಮಾಡುವವರು ಮುಗ್ಗರಿಸುವ ಮೊದಲ ಕಲ್ಲು ಇದು. ಬರೀ ಘೋಷಿತ ಮೆಥಡ್‌ಗಳನ್ನು ಹೋಲಿಸಿದರೆ 8ರಿಂದ 11ಕ್ಕೆ ಬೈಟ್‌ಬಫರ್‌ನಲ್ಲಿ ‘ಫ್ಲಿಪ್ ಎಂಬ ಹೊಸ ಮೆಥಡ್ ಸೇರಿದೆ’ ಎಂಬ ವರದಿ ಬರುತ್ತದೆ. ಇದನ್ನು ಓದಿದವರು ಇಪ್ಪತ್ತು ವರ್ಷ ಹಳೆಯ ಮೆಥಡ್ ಹೊಸದೆಂದು ಹೇಳುತ್ತಿದೆಯಲ್ಲ ಎಂದು ಸಲಕರಣೆಯನ್ನೇ ಬೈಯುತ್ತಾರೆ. ಹಾಗೆಂದು ಬರುವ ಆಸ್ತಿಯನ್ನೆಲ್ಲ ಸೇರಿಸಿ, ಹೆಸರು ಮಾತ್ರ ನೋಡಿ ಹೋಲಿಸಿದರೆ ವ್ಯತ್ಯಾಸವೇ ಕಾಣದು. ಆಸ್ತಿಯನ್ನೂ ಸೇರಿಸಬೇಕು, ಡಿಸ್ಕ್ರಿಪ್ಟರನ್ನೂ ಬಿಡಬಾರದು. ಎರಡೂ ಆದಾಗಲೇ ಸರಿಯಾದ ಚಿತ್ರ ಬರುತ್ತದೆ: ಹಳೆಯ ವಿಳಾಸದ ಫ್ಲಿಪ್ ಎರಡರಲ್ಲೂ ಇದೆ, ಹೊಸ ವಿಳಾಸದ್ದು 11ರಲ್ಲಿ ಮಾತ್ರ.

ಅವತ್ತಿನ ಮಟ್ಟಿಗೆ ಪರಿಹಾರ ಸುಲಭವಿತ್ತು. ಆ ನಾಲ್ಕು ಕಡೆ ವೇರಿಯೆಬಲನ್ನು ಬಫರ್‌ಗೆ ಕ್ಯಾಸ್ಟ್ ಮಾಡಿ ಫ್ಲಿಪ್ ಕರೆದರೆ ಕಂಪೈಲರ್ ‘ಬಫರ್‌ನ ಫ್ಲಿಪ್, ಮರಳಿಸುವುದು ಬಫರ್’ ಎಂದು ಬರೆಯುತ್ತದೆ. ಆ ವಿಳಾಸ ಎಲ್ಲ ಜಾವಾದಲ್ಲೂ ಇದೆ. ಮಧ್ಯಾಹ್ನ ಊಟಕ್ಕೆ ಮೊದಲೇ ಹೊಸ ಜಾರ್ ಗ್ರಾಹಕರಿಗೆ ಹೋಯಿತು, ಆ ರಾತ್ರಿಯ ಬ್ಯಾಚ್ ದಾಟಿತು.

ಮೂರು ವಾರ ಕಳೆದು ಅದೇ ದೋಷ ಮತ್ತೆ ಬಂತು, ಈ ಸಲ ನಮ್ಮದೇ ಟೆಸ್ಟ್ ಸರ್ವರ್‌ನಲ್ಲಿ. ಬೇರೊಬ್ಬ ಸಹೋದ್ಯೋಗಿ ಕೋಡ್ ಚೊಕ್ಕಟ ಮಾಡುವಾಗ ‘ಈ ಕ್ಯಾಸ್ಟ್ ಅನಗತ್ಯ’ ಎಂದು ಎಡಿಟರ್ ಬೂದು ಬಣ್ಣದಲ್ಲಿ ತೋರಿಸಿದ್ದನ್ನು ನಂಬಿ ತೆಗೆದುಬಿಟ್ಟಿದ್ದರು. ಅವರನ್ನು ಬೈಯಲು ಬಾಯಿ ಬರಲಿಲ್ಲ. ಎಡಿಟರ್ ಹೇಳಿದ್ದು ಭಾಷೆಯ ಲೆಕ್ಕದಲ್ಲಿ ನಿಜ. ಬಫರ್ ಆಗಿಯೇ ಇರುವುದನ್ನು ಬಫರ್ ಎಂದು ಕರೆಯುವುದು ಅನಗತ್ಯವೇ. ನಾಲ್ಕರ ಪೈಕಿ ಒಂದರ ಪಕ್ಕದಲ್ಲಾದರೂ ಕಾರಣ ಬರೆದ ಕಾಮೆಂಟ್ ಇರಬೇಕಿತ್ತು, ನಾನು ಬರೆದಿರಲಿಲ್ಲ.

ಬೇರಿಗೆ ಕೈ ಹಾಕಬೇಕಾದದ್ದು ಕಂಪೈಲರ್‌ನ ಆಯ್ಕೆಯಲ್ಲಿ. ಸೋರ್ಸ್ 8 ಎಂದರೆ ಜಾವಾ 8ರ ವ್ಯಾಕರಣ, ಟಾರ್ಗೆಟ್ 8 ಎಂದರೆ 8ರ ಕ್ಲಾಸ್ ಫೈಲ್ ರೂಪ. ಆದರೆ ಬೈಟ್‌ಬಫರ್‌ನಂಥ ಸಿದ್ಧ ಕ್ಲಾಸ್‌ಗಳನ್ನು ಕಂಪೈಲರ್ ತನ್ನದೇ ಜೆಡಿಕೆ 11ರಿಂದ ನೋಡಿಕೊಳ್ಳುತ್ತದೆ. ಅದಕ್ಕೇ ಅದು ‘ಬೂಟ್‌ಸ್ಟ್ರ್ಯಾಪ್ ಕ್ಲಾಸ್‌ಪಾತ್ ಕೊಟ್ಟಿಲ್ಲ’ ಎಂದು ಎಚ್ಚರಿಸುತ್ತದೆ. ನಮ್ಮ ಬಿಲ್ಡ್ ಲಾಗ್‌ನಲ್ಲೂ ಆ ಸಾಲು ಇತ್ತು, ಇನ್ನಿತರ ಎಚ್ಚರಿಕೆಗಳ ನಡುವೆ, ಸಂತೆಯಲ್ಲಿ ಕೂಗಿದ ಹಾಗೆ. ಜಾವಾ 9ರಿಂದ ರಿಲೀಸ್ ಎಂಬ ಮೂರನೆಯ ಆಯ್ಕೆ ಇದೆ. ರಿಲೀಸ್ 8 ಎಂದರೆ ವ್ಯಾಕರಣ, ರೂಪ, ಸಿದ್ಧ ಕ್ಲಾಸ್‌ಗಳು ಮೂರೂ 8ರವೇ. ಹಳೆಯ ಆವೃತ್ತಿಗಳ ಕ್ಲಾಸ್‌ಗಳ ಚಹರೆಯನ್ನು ಜೆಡಿಕೆ ತನ್ನೊಳಗೆ ಸಿಟಿ ಸಿಮ್ ಎಂಬ ಫೈಲಿನಲ್ಲಿ ಇಟ್ಟುಕೊಂಡಿರುತ್ತದೆ. ಮೇವನ್ ಕಂಪೈಲರ್ ಪ್ಲಗಿನ್ 3.6.0ರಿಂದ ಇದನ್ನು ಬಲ್ಲುದು. ಬದಲಾಯಿಸಬೇಕಾದದ್ದು ಒಂದು ಸಾಲು. ಆದರೆ ನಮ್ಮ ಕೆಲವು ಹಳೆಯ ಮಾಡ್ಯೂಲ್‌ಗಳು ಬೇರೆ ಬಿಲ್ಡ್ ಪದ್ಧತಿಯಲ್ಲಿದ್ದವು, ಎಲ್ಲ ಕಡೆ ಬದಲಾಯಿಸಲು ತಿಂಗಳುಗಳೇ ಹಿಡಿಯುವಂತಿತ್ತು. ಅಲ್ಲಿಯವರೆಗೆ ಕಾವಲಿಗೊಂದು ಸಲಕರಣೆ ಬೇಕು ಎಂದು ನಾನೂ ಹುಡುಗನೂ ಕೂತೆವು.

ಯೋಚನೆ ಸರಳ: ನಮ್ಮ ಜಾರ್‌ನ ಪ್ರತಿ ಕ್ಲಾಸಿನಿಂದ ಅದು ಹೊರಗೆ ಮಾಡುವ ಕರೆಗಳನ್ನೆಲ್ಲ ಹೆಕ್ಕುವುದು, ಒಂದೊಂದರ ವಿಳಾಸವೂ ಜಾವಾ 8ರಲ್ಲಿ ಸಿಗುತ್ತದೆಯೇ ಎಂದು ನೋಡುವುದು. ಕ್ಲಾಸ್ ಫೈಲ್ ಓದಲು ಎಎಸ್‌ಎಂ ಲೈಬ್ರರಿ ಇತ್ತು. ಮೊದಲ ರೂಪ ಒಂದು ಮಧ್ಯಾಹ್ನದಲ್ಲಿ ತಯಾರಾಯಿತು. ಕ್ಯಾಸ್ಟ್ ಇಲ್ಲದ, ಕೆಟ್ಟದ್ದೆಂದು ಗೊತ್ತಿದ್ದ ಜಾರ್ ಕೊಟ್ಟೆವು. ‘ಎಲ್ಲ ಸರಿಯಿದೆ’ ಎಂದಿತು.

ಹುಡುಗ ನಗಲಾರದೆ ನಕ್ಕ. ಕೋಡ್ ತೆರೆದು ನೋಡಿದರೆ, ವಿಳಾಸ ಹುಡುಕುವ ಕೆಲಸವನ್ನು ನಾವು ರಿಫ್ಲೆಕ್ಷನ್‌ಗೆ ಒಪ್ಪಿಸಿದ್ದೆವು. ಸಲಕರಣೆ ಓಡುತ್ತಿದ್ದದ್ದು ಜಾವಾ 11ರ ಮೇಲೆ. ರಿಫ್ಲೆಕ್ಷನ್ ತೋರಿಸುವುದು ತಾನು ಓಡುತ್ತಿರುವ ಜಾವಾದ ಬೈಟ್‌ಬಫರನ್ನು, ಅದರಲ್ಲಿ ಹೊಸ ಫ್ಲಿಪ್ ಇದ್ದೇ ಇದೆ. ಮೊದಲ ದಿನ ಮಾಡಿದ ತಪ್ಪನ್ನೇ ಈಗ ನಮ್ಮ ಕೈಯಾರೆ ಕೋಡ್‌ನಲ್ಲಿ ಬರೆದಿದ್ದೆವು: 8ರಲ್ಲಿ ಏನಿದೆ ಎಂದು 11ನ್ನು ಕೇಳಿದ್ದು. ರಿಫ್ಲೆಕ್ಷನ್ ಕಿತ್ತುಹಾಕಿ, ಜಾವಾ 8ರ ಆರ್‌ಟಿ ಜಾರನ್ನು ಲೋಡ್ ಮಾಡದೆ ಬರೀ ಬೈಟುಗಳಾಗಿ ಓದಿ ಪಟ್ಟಿ ಕಟ್ಟಿದೆವು.

ಈಗ ನಾಲ್ಕು ಫ್ಲಿಪ್ ಸಿಕ್ಕಿದವು. ಜೊತೆಗೆ ನೂರಾರು ಸುಳ್ಳು ಕೂಗೂ. ಮೆಥಡ್ ಆ ಕ್ಲಾಸಿನಲ್ಲಿ ಇಲ್ಲದಿದ್ದರೆ ಅಪ್ಪ, ಅಜ್ಜ, ಕೊನೆಗೆ ಇಂಟರ್‌ಫೇಸ್‌ಗಳವರೆಗೆ ಹುಡುಕಬೇಕು. ಜೆವಿಎಂ ಮಾಡುವುದೂ ಅದನ್ನೇ. ಅದನ್ನು ಸೇರಿಸಿದಾಗ ಕೂಗು ಹತ್ತಿಪ್ಪತ್ತಕ್ಕೆ ಇಳಿಯಿತು. ಉಳಿದವು ಒಂದೊಂದೂ ಒಂದೊಂದು ಪಾಠ. ಅರೇಯ ಕ್ಲೋನ್ ಮೆಥಡ್: ಪೂರ್ಣಾಂಕಗಳ ಅರೇ ಎಂಬ ಕ್ಲಾಸ್‌ಗೆ ಯಾವ ಜಾರ್‌ನಲ್ಲೂ ಫೈಲ್ ಇಲ್ಲ, ಜೆವಿಎಂ ತಾನೇ ಹುಟ್ಟಿಸುತ್ತದೆ. ಮೆಥಡ್‌ಹ್ಯಾಂಡಲ್‌ನ ಇನ್ವೋಕ್: ಅದರ ಡಿಸ್ಕ್ರಿಪ್ಟರ್ ಕರೆದ ಕಡೆಯೆಲ್ಲ ಬೇರೆಬೇರೆ, ಘೋಷಣೆಗೆ ತಾಳೆಯಾಗುವುದೇ ಇಲ್ಲ, ಅದಕ್ಕೆ ಭಾಷೆಯಲ್ಲೇ ವಿಶೇಷ ವಿನಾಯಿತಿ. ಇನ್ನೊಂದು ಕಡೆ ತಪ್ಪು ತಿರುಗುಮುರುಗಾಗಿತ್ತು, ಸಿಗಬೇಕಾದದ್ದೇ ಸಿಗುತ್ತಿರಲಿಲ್ಲ: ಲ್ಯಾಂಬ್ಡಾ ಜಾಗದಲ್ಲಿ ಮೆಥಡ್‌ನ ಹೆಸರನ್ನೇ ಎರಡು ಜೋಡಿ ಚುಕ್ಕಿ ಹಾಕಿ ಕೊಟ್ಟಾಗ ಆ ವಿಳಾಸ ಸಾಮಾನ್ಯ ಕರೆಯ ಸೂಚನೆಯಲ್ಲಿ ಇರುವುದಿಲ್ಲ, ಬೂಟ್‌ಸ್ಟ್ರ್ಯಾಪ್ ಆರ್ಗ್ಯುಮೆಂಟ್‌ಗಳೊಳಗೆ ಅಡಗಿರುತ್ತದೆ. ನಾವು ಅಲ್ಲಿ ನೋಡೇ ಇರಲಿಲ್ಲ.

ಎರಡನೆಯ ವಾರ ಮುಗಿಯುವಾಗ ಬೇರೆ ತಂಡದ ಹಿರಿಯರೊಬ್ಬರು ಬಂದು, ಟೀ ಕಪ್ ಹಿಡಿದೇ ಪರದೆ ನೋಡಿ, “ಅನಿಮಲ್ ಸ್ನಿಫರ್ ಬಳಸ್ತಾ ಇಲ್ವಾ?” ಎಂದು ಕೇಳಿದರು. ಇದೇ ಕೆಲಸ ಮಾಡುವ ಮೇವನ್ ಪ್ಲಗಿನ್ ಅದು. ಜಾವಾ 8ರದ್ದೂ ಸೇರಿ ಬೇರೆಬೇರೆ ಆವೃತ್ತಿಗಳ ವಿಳಾಸಪಟ್ಟಿಗಳು ಅದಕ್ಕೆ ಸಿದ್ಧವಾಗಿ ಸಿಗುತ್ತವೆ. ವರ್ಷಗಳಿಂದ ಇದೆ. ನಾವು ಹುಡುಕುವಾಗ ‘ಕ್ಲಾಸ್ ಹೋಲಿಕೆ’ ಎಂದು ಹುಡುಕಿದ್ದೆವು, ಅದು ತನ್ನನ್ನು ಹೋಲಿಕೆಯ ಸಲಕರಣೆ ಎಂದು ಕರೆದುಕೊಳ್ಳುವುದೇ ಇಲ್ಲ. ಮೇವನ್ ಇದ್ದ ಕಡೆಯೆಲ್ಲ ಅದನ್ನೇ ಹಾಕಿದೆವು, ಹಳೆಯ ಬಿಲ್ಡ್ ಪದ್ಧತಿಯ ಮಾಡ್ಯೂಲ್‌ಗಳಿಗೆ ನಮ್ಮದನ್ನು ಉಳಿಸಿಕೊಂಡೆವು. ಎರಡು ವಾರ ವ್ಯರ್ಥವಾಯಿತೆಂದು ಮ್ಯಾನೇಜರ್ ಹೇಳಿದರು. ನನಗೆ ಹಾಗನ್ನಿಸಲಿಲ್ಲ, ಅರೇಗೆ ಕ್ಲಾಸ್ ಫೈಲ್ ಇಲ್ಲ ಎನ್ನುವುದನ್ನು ಆ ಹುಡುಗ ಬೇರೆ ಯಾವ ದಾರಿಯಲ್ಲಿ ಕಲಿಯುತ್ತಿದ್ದನೋ ತಿಳಿಯದು.

ಜೆಎಪಿಐಸಿಎಂಪಿಯನ್ನು ನಾವು ಬಿಡಲಿಲ್ಲ. ನಮ್ಮ ಗ್ರಾಹಕರ ಕೋಡ್ ನಮ್ಮ ಮುಂದಿನ ಆವೃತ್ತಿಯ ಮೇಲೆ ಬಿದ್ದೀತೇ ಎಂದು ನೋಡಲು ಅದೇ ಬೇಕು. ಬಿಲ್ಡ್ ಪುಟದಲ್ಲಿ ಅದರ ಹಸಿರು ಗುರುತಿನ ಪಕ್ಕದಲ್ಲಿ ‘ಎಲ್ಲ ಸರಿ’ ಎಂದಿದ್ದುದನ್ನು ಹುಡುಗ ‘ನಮ್ಮನ್ನು ಕರೆಯುವವರಿಗೆ ಸರಿ’ ಎಂದು ತಿದ್ದಿದ. ಕೆಳಗೆ ಇನ್ನೊಂದು ಸಾಲು ಸೇರಿಸಿದ: ‘ನಾವು ಕರೆಯುವವರು 8ರಲ್ಲಿ ಇದ್ದಾರೆಯೇ’.

ಆ ಎರಡನೆಯ ಸಾಲು ಮೊದಲ ಸಲ ಎಲ್ಲ ಮಾಡ್ಯೂಲ್‌ಗಳ ಮೇಲೆ ಓಡಿದಾಗ ಕೆಂಪಾಯಿತು. ಫ್ಲಿಪ್ ಅಲ್ಲ. ಇನ್‌ಪುಟ್‌ಸ್ಟ್ರೀಮ್‌ನ ರೀಡ್‌ಆಲ್‌ಬೈಟ್ಸ್ ಎಂಬ ಮೆಥಡ್, ಜಾವಾ 9ರಲ್ಲಿ ಬಂದದ್ದು. ಜೆಡಿಕೆ 11 ಬಂದ ಮೇಲೆ ಯಾರೋ ಹತ್ತು ಸಾಲಿನ ಹಳೆಯ ಲೂಪನ್ನು ತೆಗೆದು ಈ ಒಂದು ಕರೆ ಹಾಕಿದ್ದರು. ರಿವ್ಯೂನಲ್ಲಿ ಯಾರೋ ‘ಚೆನ್ನಾಗಿದೆ’ ಎಂದು ಬರೆದಿದ್ದರು. ಗಿಟ್ ತೆಗೆದು ನೋಡಿದೆ. ಹಾಗೆ ಬರೆದವನು ನಾನೇ. ಆ ಕೋಡ್ ಓಡುತ್ತಿದ್ದದ್ದು ವರ್ಷಕ್ಕೊಮ್ಮೆ, ಮಾರ್ಚ್ 31ರ ರಾತ್ರಿಯ ಲೆಕ್ಕ ಮುಗಿಸುವಾಗ. ಅಂದು ಇನ್ನೂ ಜನವರಿ.